ಲೇಡೀಸ್ ಡಬ್ಬಿಯಲ್ಲಿ ರಾಜನ ತಲೆ

ದಿನಚರಿ ಬರೆಯುವವರಿಗೆ ಒಂದು ಭ್ರಮೆ ಇರುತ್ತದೆ. ತಾರೀಖು ಹಾಕಿ ಬರೆದಿಟ್ಟರೆ ಬದುಕು ತಮ್ಮ ಮಾತು ಕೇಳುತ್ತದೆ ಎಂದು. ನನಗಂತೂ ಇದು ಹುಟ್ಟುಗುಣ. ಮಳೆಗಾಲದಲ್ಲಿ ಲೋಕಲ್ ರೈಲು ಎಷ್ಟು ಸಲ ತಡವಾಯಿತು, ಅಮ್ಮ ತಿಂಗಳಿಗೆ ಎಷ್ಟು ಸಲ ಉಪ್ಪಿಟ್ಟು ಮಾಡಿದಳು, ಎಲ್ಲಕ್ಕೂ ನನ್ನ ಬಳಿ ಲೆಕ್ಕವಿದೆ. ಉಪ್ಪಿಟ್ಟಿನ ಲೆಕ್ಕ ತೋರಿಸಿದ ದಿನ ಅಮ್ಮ, "ನಾಳಿಂದ ನೀನ ಮಾಡು, ನೀನ ಬರಕೋ" ಎಂದಳು. ಅದನ್ನೂ ಬರೆದುಕೊಂಡೆ. ಆದರೆ ಇಷ್ಟೆಲ್ಲ ಬರೆಯುವ ನಾನು ಹತ್ತು ಜನರ ಎದುರು ನಿಂತರೆ ಮುಗಿಯಿತು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಹೀಗಾಗಿ ಫೋರ್ಟಿನ ನಮ್ಮ ಕಾಲೇಜಿನಲ್ಲಿ ಇತಿಹಾಸದ ಮೇಡಂ, "ಮೂವರ ತಂಡ ಮಾಡಿಕೊಂಡು ಇಂಗ್ಲೆಂಡಿನ ಅಂತರ್ಯುದ್ಧದ ಮೇಲೆ ಪ್ರೆಸೆಂಟೇಶನ್ ಕೊಡಿ, ಅಂಕ ಉಂಟು" ಎಂದಾಗ, ನಾನು ಮೊದಲು ಹುಡುಕಿದ್ದು ಪುಸ್ತಕವನ್ನಲ್ಲ, ಮಾತುಗಾರರನ್ನು.

ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಪರ್ವೀನ್ ಮತ್ತು ಅಶ್ವಿನಿ ಚೆಂಬೂರಿನಲ್ಲಿ ನಮ್ಮ ಅಕ್ಕಪಕ್ಕದ ಬಿಲ್ಡಿಂಗಿನವರು, ಶಾಲೆಯಿಂದಲೂ ಜೊತೆಗಿದ್ದವರು. ಪರ್ವೀನಳ ಮನೆಯವರು ವಿಜಯಪುರದವರು, ಅಶ್ವಿನಿಯ ಮನೆಯವರು ಉಡುಪಿ ಕಡೆಯವರು. ಇಬ್ಬರ ಬಾಯಿಗೂ ಬ್ರೇಕಿಲ್ಲ. ಆ ಯುದ್ಧ ನಡೆದದ್ದು ರಾಜನಿಗೂ ಪಾರ್ಲಿಮೆಂಟಿಗೂ ಆದ್ದರಿಂದ, ಪರ್ವೀನ್ ರಾಜನ ಪಕ್ಷ ಓದುವುದು, ಅಶ್ವಿನಿ ಪಾರ್ಲಿಮೆಂಟಿನ ಪಕ್ಷ ಓದುವುದು, ನಾನು ತಾರೀಖುಗಳನ್ನು ಜೋಡಿಸಿ ಸ್ಲೈಡ್ ಬದಲಿಸುವುದು ಎಂದು ಹಂಚಿಕೊಂಡೆವು. ನನಗೆ ಸ್ವರ್ಗವೇ ಸಿಕ್ಕಿತು. ಅಲ್ಲಿಯೂ ಒಂದು ಮುಳ್ಳಿತ್ತೆನ್ನಿ. ಆ ಕಾಲದ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚಿನಲ್ಲಿ ಶುರುವಾಗುತ್ತಿತ್ತಂತೆ. ಆದ್ದರಿಂದ ಯುದ್ಧ ಸೋತು ಜನವರಿಯಲ್ಲಿ ತಲೆ ಕಳೆದುಕೊಂಡ ರಾಜ ನಮ್ಮ ಲೆಕ್ಕದಲ್ಲಿ ಸತ್ತದ್ದು ೧೬೪೯ರಲ್ಲಿ, ಅವರ ಲೆಕ್ಕದಲ್ಲಿ ೧೬೪೮ರಲ್ಲಿ. ತಲೆ ಹೋಗಿದ್ದು ಅವನದು, ಕೆಟ್ಟದ್ದು ನನ್ನದು.

ಎಡವಟ್ಟಾದದ್ದು ಈ ಹಂಚಿಕೆಯಲ್ಲೇ. ಇಬ್ಬರೂ ತಮ್ಮ ತಮ್ಮ ಪಕ್ಷವನ್ನು ಮಾತ್ರ ಓದಿದರು. ಓದಿ ಓದಿ ಆ ಪಕ್ಷಕ್ಕೇ ಸೇರಿಬಿಟ್ಟರು. ಬೆಳಗಿನ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ನಮ್ಮ ತಾಲೀಮು. ಮೊದಲ ದಿನ "ರಾಜ", "ಪಾರ್ಲಿಮೆಂಟು" ಎನ್ನುತ್ತಿದ್ದವರು ಮೂರನೆಯ ದಿನಕ್ಕೆ "ನನ್ನ ರಾಜ", "ನಿನ್ನ ಪಾರ್ಲಿಮೆಂಟು" ಎನ್ನತೊಡಗಿದರು.

"ಸಮುದ್ರವೇ ಕಾಣದ ಊರಿನವರ ಹತ್ತಿರವೂ ಹಡಗಿನ ತೆರಿಗೆ ಕೇಳಿದ ಮನುಷ್ಯ ಅವ. ಅವನಿಗೆಂತ ವಕಾಲತ್ತು ಮಾರಾಯ್ತಿ?" ಎಂದಳು ಅಶ್ವಿನಿ.

ಪರ್ವೀನಳ ಕಣ್ಣು ಕೆಂಪಾಯಿತು. "ಸಾಯೋ ದಿನ ಚಳೀಗೆ ನಡುಗಿದ್ರ ಮಂದಿ ಅಂಜ್ಯಾನ ಅಂತಾರಂತ ಎರಡು ಅಂಗಿ ಹಾಕ್ಕೊಂಡು ಹೋದ, ಗೊತ್ತೇನ? ನಿಂಗ ದಿಲ್ ಅನ್ನೋದು ಐತೋ ಇಲ್ಲೋ?"

"ನಿನಗೆ ಮೊದಲಿಂದಲೂ ಹಾಗೇ. ಯಾರು ತಪ್ಪು ಮಾಡಿದರೂ ಪಾಪ, ಪಾಪ!"

"ಮತ್ತ ನೀ ಮೊದಲಿಂದಾನೂ ಜಡ್ಜ್!"

ಇಂಗ್ಲೆಂಡು ಅಲ್ಲಿಗೆ ಹಿಂದುಳಿಯಿತು. ಶಾಲೆಯ ಒಂಬತ್ತನೇ ಇಯತ್ತೆಯ ಟಿಫಿನ್ ಡಬ್ಬಿಯ ಜಗಳಗಳೆಲ್ಲ ಎದ್ದು ಬಂದವು. ಇಳಿಯುವ ಹೊತ್ತಿಗೆ ಪರ್ವೀನ್ ನನ್ನ ಕಡೆ ತಿರುಗಿ, "ನಾ ಬ್ಯಾರೆ ಗ್ರೂಪ್ ನೋಡ್ಕೋತೀನಿ. ರಾಜನ ಮಾತು ನೀನ ಹೇಳು" ಎಂದು ಸರಸರ ನಡೆದಳು. ತಂಡ ಬದಲಿಸಲು ಗುರುವಾರದವರೆಗೆ ಅವಕಾಶವಿತ್ತು, ಪ್ರೆಸೆಂಟೇಶನ್ ಶುಕ್ರವಾರ. ಮನೆಗೆ ಬಂದು ಕನ್ನಡಿಯ ಮುಂದೆ ರಾಜನಾಗಿ ನಿಂತು ನೋಡಿದೆ. ತಲೆ ತೆಗೆಯುವವರು ಬರುವ ಮೊದಲೇ ಧ್ವನಿ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಆ ಸಂಜೆ ಇಬ್ಬರೂ ಬೇರೆ ಬೇರೆ ಲೋಕಲ್ ಹಿಡಿದು ಬಂದಿದ್ದರು. ಶಾಲೆಯ ದಿನಗಳಿಂದ ನನ್ನ ದಿನಚರಿಯಲ್ಲಿ ಅಂಥದ್ದೊಂದು ದಿನ ಇರಲಿಲ್ಲ.

ಗುರುವಾರ ಬೆಳಿಗ್ಗೆ ನಾನೇ ಇಬ್ಬರನ್ನೂ ಕೈಹಿಡಿದು ಎಳೆದು ಒಂದೇ ಡಬ್ಬಿ ಹತ್ತಿಸಿದೆ. ಇಬ್ಬರೂ ನನ್ನ ಆಚೆ ಈಚೆ ನಿಂತು ಬೇರೆ ಬೇರೆ ಕಿಟಕಿ ನೋಡುತ್ತಿದ್ದರು. ಎದುರಿಗೆ, ದಿನವೂ ನಮ್ಮ ತಾಲೀಮು ಕೇಳುತ್ತಿದ್ದ ಪಾಟೀಲ ಕಾಕು ಕೂತಿದ್ದರು. ಧಾರವಾಡದವರು, ಫೋರ್ಟಿನ ಬ್ಯಾಂಕಿನಲ್ಲಿ ಕೆಲಸ, ವಾಶಿಯಿಂದ ಬರುವಾಗಲೇ ಸೀಟು ಹಿಡಿದು ಬರುವವರು.

"ಯಾಕ್ರವಾ, ಇವತ್ತ ಯುದ್ಧ ಬಂದ್ ಏನ?" ಎಂದರು ಕಾಕು. ನಾನು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, "ಕಡೀಕ ಏನಾತು ಆ ಖುರ್ಚಿದು?" ಎಂದರು.

"ಹನ್ನೊಂದು ವರ್ಷ ಆದಮೇಲೆ ಆ ರಾಜನ ಮಗನನ್ನೇ ಕರೆದು ಕೂರಿಸಿದರು, ಕಾಕು."

"ಅಯ್ಯ! ಮತ್ತ ಅಪ್ಪನ ತಲಿ ಯಾಕ ತಗದ್ರು?"

ಡಬ್ಬಿಯಲ್ಲಿ ಕನ್ನಡ ಬಲ್ಲವರೆಲ್ಲ ನಕ್ಕರು. ಅಶ್ವಿನಿಯ ತುಟಿಯೂ ಸ್ವಲ್ಪ ಅಲುಗಿತು. ಅಷ್ಟರಲ್ಲಿ ಕುರ್ಲಾ ಬಂತು. ಕಾಕು ಎದ್ದು ನಿಂತರು. ವಾಶಿಯಿಂದ ನಿಂತೇ ಬಂದಿದ್ದ ಅವರ ಗೆಳತಿ ಕೂತರು. ಈ ಡಬ್ಬಿಯ ಕಾಯಂ ಪ್ರಯಾಣಿಕರ ಪದ್ಧತಿ ಅದು: ಅರ್ಧ ದಾರಿ ಒಬ್ಬರು ಕೂತರೆ ಉಳಿದರ್ಧ ಇನ್ನೊಬ್ಬರು.

"ನೋಡ್ರಿ," ಎಂದರು ಕಾಕು, ಮೇಲಿನ ಹಿಡಿಕೆ ಹಿಡಿದು ತೂಗುತ್ತ. "ಕೂತಾಗ ಅನಸ್ತದ, ಇವರ್ಯಾಕ ಮೈಮ್ಯಾಲೆ ಬೀಳ್ತಾರ ಅಂತ. ನಿಂತಾಗ ಅನಸ್ತದ, ಇವರ್ಯಾಕ ಸರಿಯೂದಿಲ್ಲ ಅಂತ. ನೀವೂ ಅದಲಿಬದಲಿ ಆಗ್ರಿ. ರಾಜನ ಮಾತು ಆಕಿ ಹೇಳ್ಲಿ, ಪಾರ್ಲಿಮೆಂಟಿಂದು ಈಕಿ ಹೇಳ್ಲಿ."

ವಡಾಲಾ ಬಂದಾಗ ಪರ್ವೀನ್ ಕಿಟಕಿಗೇ ಹೇಳಿದಂತೆ, "ಆ ಹಡಗಿನ ಟ್ಯಾಕ್ಸಿಂದು ಕಾಗದ ಕೊಡು" ಎಂದಳು. ಅಶ್ವಿನಿ ಕೊಟ್ಟಳು. "ಎರಡು ಅಂಗಿಯದ್ದು ಎಲ್ಲಿ ಉಂಟು?" ಎಂದು ಕೇಳಿದಳು. ನಾನು ಉಸಿರು ಬಿಟ್ಟೆ. ಮುಂದೆ ನಿಂತಿದ್ದ ಹೆಂಗಸಿನ ಮುಡಿಯ ಮಲ್ಲಿಗೆ ಅಲ್ಲಾಡಿತು.

ಶುಕ್ರವಾರ ಪರ್ವೀನ್ ತೆರಿಗೆಯ ಬಗ್ಗೆ ಎಷ್ಟು ಬಿರುಸಾಗಿ ಮಾತಾಡಿದಳೆಂದರೆ ಹಿಂದಿನ ಬೆಂಚಿನವರೂ ಫೋನ್ ಕೆಳಗಿಟ್ಟರು. ಎರಡು ಅಂಗಿಯ ಕತೆಗೆ ಬಂದಾಗ ಅಶ್ವಿನಿ ಮಾತು ನಿಲ್ಲಿಸಿ ಕಣ್ಣೊರೆಸಿಕೊಂಡಳು. ಪರ್ವೀನ್ ನೀರಿನ ಬಾಟಲಿ ಮುಂದೆ ಚಾಚಿದಳು. ಮೇಡಂ, "ನಿಜವಾಗಿ ಯಾರು ಯಾವ ಪಕ್ಷ?" ಎಂದು ಕೇಳಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕುಬಿಟ್ಟರು. "ನೀನು?" ಎಂದು ಮೇಡಂ ನನ್ನತ್ತ ತಿರುಗಿದರು. ನಾಲಿಗೆಯನ್ನು ಅಂಗುಳದಿಂದ ಹೇಗೋ ಬಿಡಿಸಿಕೊಂಡು, "ನಾನು ತಾರೀಖಿನ ಪಕ್ಷ, ಮೇಡಂ" ಎಂದೆ. ತರಗತಿ ಗೊಳ್ಳೆಂದಿತು. ಅದು ನನ್ನ ಜೀವಮಾನದ ಸಾರ್ವಜನಿಕ ಭಾಷಣ.

ಸಂಜೆ ಕಾಕು ನಮಗಾಗಿ ಒಂದು ಸೀಟು ಹಿಡಿದಿದ್ದರು, ನಮ್ಮನ್ನು ಕಂಡದ್ದೇ ಎದ್ದು ನಿಂತರು. "ನೀ ಕೂಡು", "ಇಲ್ಲ, ನೀನು ಕೂತುಕೋ" ಎಂದು ಇಬ್ಬರೂ ಉಪಚಾರ ಶುರುಮಾಡಿದರು. ಜಗಳಕ್ಕಿಂತ ಉಪಚಾರ ಉದ್ದವಾದದ್ದರಿಂದ ರಾಜನೂ ಅಲ್ಲದ, ಪಾರ್ಲಿಮೆಂಟೂ ಅಲ್ಲದ ನಾನು ಸುಮ್ಮನೆ ಕೂತೆ. ದಿನಚರಿ ತೆಗೆದು ತಾರೀಖು ಹಾಕಿ, ಯುದ್ಧ ಮುಗಿದದ್ದನ್ನು ಹೊತ್ತಿನ ಸಮೇತ ಬರೆದೆ. ಸಂಧಿಯ ಷರತ್ತುಗಳನ್ನೂ ಬರೆದೆ. ತಲೆಯೆತ್ತಿದಾಗ ನಾವು ಇಳಿಯಬೇಕಿದ್ದ ಚೆಂಬೂರು ದಾಟಿ ಗೋವಂಡಿ ಬಂದಿತ್ತು. ಅವರಿಬ್ಬರೂ ಯಾರ ಮಾತು ಚೆನ್ನಾಗಿತ್ತೆಂದು ಇನ್ನೂ ಒಬ್ಬರನ್ನೊಬ್ಬರು ಹೊಗಳುತ್ತಲೇ ಇದ್ದರು.

"ಹೇಳಬಾರದೇನ್ರೀ ಕಾಕು!" ಎಂದೆ, ಬಾಗಿಲಿನತ್ತ ನುಗ್ಗುತ್ತ.

"ನೀ ಇತಿಹಾಸ ಬರೀಲಿಕ್ಹತ್ತಿದ್ದಿ," ಎಂದರು ಕಾಕು, ನನ್ನ ಸೀಟಿನಲ್ಲಿ ಆರಾಮಾಗಿ ಕೂಡುತ್ತ. "ನಡುವ ಯಾಕ ಮಾತಾಡಸಬೇಕು ಅಂತ ಸುಮ್ಮನಿದ್ದೆ."