ಬೀಗರ ಲಿವರಿಗೆ ನಾನು ಕೊಟ್ಟ ಲಸಿಕೆ

ಅರ್ಧ ಓದಿದ ಸುದ್ದಿಯನ್ನು ಪೂರ್ತಿ ಬಲ್ಲವನಂತೆ ಹೇಳುವ ಕಲೆ ಕೆಲವರಿಗೆ ಒಲಿದಿರುತ್ತದೆ. ನನಗಂತೂ ಧಾರಾಳವಾಗಿ ಒಲಿದಿದೆ. ಹೊಸಪೇಟೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಅಷ್ಟೂ ವರ್ಷ ಮಕ್ಕಳು ಪ್ರಶ್ನೆ ಕೇಳಲಿಲ್ಲ. ‘ಗೊತ್ತಿಲ್ಲ’ ಎನ್ನುವುದು ನನ್ನ ಬಾಯಿಗೆ ರೂಢಿಯಾಗಲಿಲ್ಲ. ತರಗತಿಯಲ್ಲಿ ಇದರಿಂದ ದೊಡ್ಡ ಹಾನಿಯೇನೂ ಆಗಲಿಲ್ಲ, ಕೆಲವರು ಫೇಲಾದರು ಅಷ್ಟೆ. ಹಾನಿಯಾದದ್ದು ಬೀಗರ ಮನೆಯಲ್ಲಿ.

ನನ್ನ ಮಗಳ ಮಾವ ಪಂಪಾಪತಿಯವರು ಕಮಲಾಪುರದಲ್ಲಿ ಬಾಳೆ ಬೆಳೆಯುವವರು. ಅವರ ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ ಕಂಡಿತು. ಬಳ್ಳಾರಿಯ ಡಾಕ್ಟರು ಚಿಕಿತ್ಸೆಗೆ ದಿನವನ್ನೂ ಗೊತ್ತುಮಾಡಿದ್ದರು. ಮಾತಾಡಿಸಿ ಬರಲು ಹೋದೆ. ಬೀಗರ ಮುಂದೆ ಸುಮ್ಮನೆ ಕೂತು ಬಂದರೆ ಓದಿದವನ ಮರ್ಯಾದೆ ಏನಾಗಬೇಕು? ಬಸ್ಸಿನಲ್ಲಿ ಮೊಬೈಲಿನಲ್ಲಿ ಕಂಡ ಸುದ್ದಿಯೊಂದು ನೆನಪಾಯಿತು. “ಹೆದರಬ್ಯಾಡ್ರಿ ಬೀಗ್ರೆ, ಲಿವರ್ ಕ್ಯಾನ್ಸರಿಗೆ ಈಗ ಲಸಿಕೆ ಬಂದೈತಿ” ಎಂದೆ. ವಿವರಣೆಯನ್ನೂ ಕೊಟ್ಟೆ. ಮದುವೆ ಮನೆಗೆ ಕರೆಯದೆ ಬಂದವನನ್ನು ಗಂಡಿನವರು ಹೆಣ್ಣಿನ ಕಡೆಯವನೆಂದೂ ಹೆಣ್ಣಿನವರು ಗಂಡಿನ ಕಡೆಯವನೆಂದೂ ತಿಳಿದು ಬಡಿಸುತ್ತಾರಲ್ಲ, ಹಾಗೆ ಮೈಯನ್ನು ಕಾಯುವ ಕಣಗಳು ಕ್ಯಾನ್ಸರನ್ನು ನಮ್ಮವನೇ ಎಂದು ಬಿಟ್ಟುಬಿಡುತ್ತವೆ. ಈ ಲಸಿಕೆ ಅವನ ಗುರುತು ಹಿಡಿಸಿಕೊಡುತ್ತದೆ. ಬೀಗಿತ್ತಿ ಗಂಗಮ್ಮನವರ ಮುಖ ಅರಳಿತು. ಎರಡನೆಯ ಸಲ ಮಂಡಾಳು ಮಿರ್ಚಿ ಬಂತು. ಸಂಕೋಚವಿಲ್ಲದೆ ತಿಂದೆ.

ತಿಂಗಳಾದ ಮೇಲೆ ಗಂಗಮ್ಮನವರ ಫೋನು. “ಅಣ್ಣಾರ, ಆ ಸೂಜಿ ಹೊಸಪೇಟಿಗರ ಬಂದೈತೇನ್ರಿ? ಇಲ್ಲಿ ಇನ್ನೂ ಬಂದಿಲ್ಲ.”

ಏನಾಯಿತೆಂದು ಬಿಡಿಸಿ ಕೇಳಿದೆ. ಬೀಗರು ಬಳ್ಳಾರಿಗೆ ಹೋಗಿರಲೇ ಇಲ್ಲ. ಲಸಿಕೆ ಹಾಕುವುದು ಗುರುವಾರ ಎಂಬುದು ಅವರಿಗೆ ಗೊತ್ತು. ಹಿಂದೆ ಮೊಮ್ಮಗನನ್ನು ಎತ್ತಿಕೊಂಡು ಹೋಗಿ ಹಾಕಿಸಿದವರೇ. ಗುರುವಾರ ಆರೋಗ್ಯ ಕೇಂದ್ರದಲ್ಲಿ ಕೂಸುಗಳ ತಾಯಂದಿರ ಹಿಂದೆ ಪಾಳಿ ನಿಂತಿದ್ದಾರೆ. ನರ್ಸು “ಕೂಸು ಎಲ್ರೀ ಅಜ್ಜಾರ?” ಎಂದಳಂತೆ. “ನಾನಽ ರೀ” ಎಂದರಂತೆ ಇವರು. ಅಂಥ ಲಸಿಕೆ ಇಲ್ಲ ಎಂದು ಆಕೆ ಸ್ಪಷ್ಟವಾಗಿಯೇ ಹೇಳಿದ್ದಾಳೆ. ಆದರೆ ನಮ್ಮ ಕಡೆ ಸರ್ಕಾರಿ ಕಿಟಕಿಯಲ್ಲಿ ‘ಇಲ್ಲ’ ಎಂದರೆ ‘ಇನ್ನೂ ಬಂದಿಲ್ಲ, ಮುಂದಿನ ವಾರ ಬರ್ರಿ’ ಎಂದೇ ಎಲ್ಲರೂ ತಿಳಿಯುವುದು. ಹೀಗೆ ನಾಲ್ಕು ಗುರುವಾರ ನಿಂತಿದ್ದಾರೆ. ಮಗ ಬಳ್ಳಾರಿಗೆ ಹೋಗೋಣವೆಂದರೆ, “ಬೀಗರು ಹೇಳ್ಯಾರ, ಅವರ ಮಾತು ತಗದ ಹಾಕಾಕ ಬರತೈತೇನಲೇ?” ಎಂದು ಗದರಿಸಿದ್ದಾರೆ.

ಆ ಸುದ್ದಿಯನ್ನು ಹುಡುಕಿ ಆಗ ಪೂರ್ತಿ ಓದಿದೆ. ಲಸಿಕೆಯನ್ನು ಇನ್ನೂ ಸುಧಾರಿಸುತ್ತಿದ್ದಾರಂತೆ. ಗುರುತು ಸಿಕ್ಕರೂ ಕಾವಲು ಕಣಗಳು ಗಡ್ಡೆಯ ಹತ್ತಿರ ಹೋಗಿ ಸೋತು ಕೂರುತ್ತವಂತೆ. ಅವು ಸೋಲದಂತೆ ಬೇರೆ ಔಷಧಿ ಜೊತೆಗೂಡಿಸಿ ಕೆಲವೇ ರೋಗಿಗಳ ಮೇಲೆ ಪರೀಕ್ಷೆ ನಡೆದಿದೆಯಂತೆ. ಎಲ್ಲವನ್ನೂ ಬರೆದಿದ್ದರು. ನಾನು ಓದಿದ್ದು ತಲೆಬರಹ ಮತ್ತು ಎರಡು ಸಾಲು. ಅನಂತಶಯನಗುಡಿಯ ರೈಲ್ವೆ ಗೇಟು ಬಿದ್ದು ಬಸ್ಸು ನಿಂತಿದ್ದರೆ ಇನ್ನಷ್ಟು ಓದುತ್ತಿದ್ದೆನೋ ಏನೋ! ನಾಚಿಕೆಯಿಂದ ಹೆಂಡತಿಗೂ ಹೇಳಲಿಲ್ಲ.

ಮರುದಿನವೇ ಕಮಲಾಪುರಕ್ಕೆ ಹೋಗಿ, ಲಸಿಕೆ ಬರಲು ಇನ್ನೂ ವರ್ಷಗಳು ಬೇಕು, ತಪ್ಪು ನನ್ನದೇ ಎಂದೆ. “ಇರ್ಲಿ ಬಿಡ್ರಿ ಬೀಗ್ರೆ. ನನಗಲ್ದಿದ್ರ ಮತ್ಯಾರಿಗರ ಆಕ್ಕೈತಿ” ಎಂದು ಪಂಪಾಪತಿಯವರು ಬಳ್ಳಾರಿಗೆ ಹೊರಡಲು ಅಂಗಿ ಹಾಕಿಕೊಂಡರು. ಬೈದಿದ್ದರೆ ಹಗುರಾಗುತ್ತಿದ್ದೆ.

ಬಳ್ಳಾರಿಯ ಡಾಕ್ಟರು ಹೊಸ ಸ್ಕ್ಯಾನ್ ನೋಡಿ ಕೆಂಡವಾದರು. “ಗಡ್ಡಿ ದೊಡ್ಡದಾಗೈತಿ. ಇನ್ನ ತಡಾ ಮಾಡಿದ್ರ ನಮ್ಮ ಕೈಲೂ ಆಗಂಗಿಲ್ಲ. ಒಂದು ತಿಂಗಳು ಎಲ್ಲಿ ಹೋಗಿದ್ರಿ?”

ನಾನು ಬಾಯಿ ತೆರೆಯುವ ಮೊದಲೇ ಬೀಗರು, “ಬಾಳಿಗೊನಿ ಕಡಿಯೋದಿತ್ರಿ ಸಾಹೇಬ್ರ” ಎಂದುಬಿಟ್ಟರು.

ಡಾಕ್ಟರು ಹಣೆ ಚಚ್ಚಿಕೊಂಡು ನನ್ನ ಕಡೆ ತಿರುಗಿದರು. “ನೀವು ಓದಿದೋರು ಕಾಣ್ತೀರಿ. ಇಂಥೋರಿಗೆ ನೀವರ ಸ್ವಲ್ಪ ತಿಳಿಸಿ ಹೇಳ್ರಿ.”

ಬೀಗರು ನೆಲ ನೋಡುತ್ತಿದ್ದರು.

“ಹೇಳ್ತೀನ್ರಿ” ಎಂದೆ.