ಅತ್ತೆ ಒಪ್ಪಿದ ರಾಮ್ಯನ್

ನನ್ನ ಹೆಂಡತಿ ಚುನ್‌ಹ್ವಾ ತೀರಿಕೊಂಡ ಮೇಲೆ ಈ ಮನೆಯಲ್ಲಿ ಉಳಿದವರು ಇಬ್ಬರೇ: ನಾನು, ಮತ್ತು ಅವಳ ತಾಯಿ. ವಿಧಿಯ ಈ ಹಂಚಿಕೆಯನ್ನು ನಾನು ಪ್ರಶ್ನಿಸಲಿಲ್ಲ. ಅತ್ತೆ ಪ್ರಶ್ನಿಸುತ್ತಿದ್ದರು. ‘ಉಳಿಯಬೇಕಾದ ಮಗಳು ಅಳಿದಳು, ಅಳಿಯ ಮಾತ್ರ ಉಳಿದ’ ಎಂಬರ್ಥದ ಒಂದು ನಿಟ್ಟುಸಿರನ್ನು ಪ್ರತಿ ಊಟಕ್ಕೆ ಮುಂಚೆ ತಪ್ಪದೆ ಬಿಡುತ್ತಿದ್ದರು. (ಊಟದ ನಂತರದ ನಿಟ್ಟುಸಿರು ಬೇರೆ. ಅದು ನನ್ನ ಅಡುಗೆಯ ಕುರಿತದ್ದು.)

ಅಡುಗೆ ಎಂದರೆ ರಾಮ್ಯನ್. ಪೊಟ್ಟಣ ಹರಿ, ನೀರು ಕುದಿಸು, ಒಣ ಶ್ಯಾವಿಗೆಯನ್ನೂ ಕೆಂಪು ಪುಡಿಯನ್ನೂ ಸುರಿ, ಮುಗಿಯಿತು. ತೊಂಗ್‌ಯಂಗ್ ಬಂದರಿನಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಾ ಆಯುಷ್ಯ ಸವೆಸಿದವನು ನಾನು. ಒಳಗೆ ಏನಾದರೂ ಸುರಿದರೆ ಯಂತ್ರ ಓಡಬೇಕು ಎನ್ನುವುದಷ್ಟೇ ನನ್ನ ಪಾಕಶಾಸ್ತ್ರ. ಆದರೆ ಅತ್ತೆ ಎಂಬ ಪುರಾತನ ಯಂತ್ರ ಓಡಲು ಒಪ್ಪಲಿಲ್ಲ. ಎರಡು ಎಳೆ ಎತ್ತಿ ಬಾಯಿಗಿಟ್ಟು ಊಟದ ಕಡ್ಡಿಗಳನ್ನು ಕೆಳಗಿಟ್ಟುಬಿಡುತ್ತಿದ್ದರು.

“ಯಾಕತ್ತೆ?”

“ಯಾರದ್ದಪ್ಪ ಈ ಬೂಟಿನ ದಾರ? ನಿಂದೇನಾ?”

ನನ್ನ ಬಟ್ಟಲಲ್ಲೂ ಅರ್ಧ ಹಾಗೇ ಉಳಿದಿರುತ್ತಿತ್ತು. ಚುನ್‌ಹ್ವಾ ಕೂರುತ್ತಿದ್ದ ಜಾಗವನ್ನು ನೋಡದೆ ಊಟ ಮಾಡಬೇಕೆಂದರೆ ಕತ್ತನ್ನು ಒಂದು ಕಡೆ ತಿರುಗಿಸಿಕೊಂಡೇ ಕೂರಬೇಕು. ಹಾಗೆ ಕೂತರೆ ಗಂಟಲಲ್ಲಿ ಏನೂ ಇಳಿಯುವುದಿಲ್ಲ.

ಅಷ್ಟರಲ್ಲಿ ದೂರದ ಡೇಜನ್ ನಗರದಲ್ಲಿರುವ ಭಾಮೈದ ಹಕ್‌ಸು ಫೋನ್ ಮಾಡಿದ. ಫೋನಿನ ಪರದೆಯಲ್ಲಿ ತಾಯಿಯ ಮುಖ ನೋಡಿದ್ದೇ ಅವನ ಮುಖ ಇಳಿದುಹೋಯಿತು.

“ಭಾವ, ಅಮ್ಮ ಎಷ್ಟು ಸೊರಗಿದಾರೆ! ಏನೂ ತಿಂತಿಲ್ವಾ? ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ.”

ಓದುಗರೇ, ಇಲ್ಲಿ ನಾನು ಕುಣಿಯಬೇಕಿತ್ತು. ಹೆಂಡತಿ ಹೋದ ಮೇಲೂ ಅತ್ತೆಯಿಂದ ಬೈಸಿಕೊಳ್ಳಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೆ ಫೋನ್ ಇಟ್ಟಮೇಲೆ ಅಲ್ಲೇ ಕೂತೆ. ಬೈಯುವಾಗ ಅತ್ತೆ ಒಂದು ಹುಬ್ಬು ಮಾತ್ರ ಎತ್ತುತ್ತಾರೆ. ಚುನ್‌ಹ್ವಾ ಕೂಡ ಹಾಗೇ ಎತ್ತುತ್ತಿದ್ದಳು. ಜಗತ್ತಿನಲ್ಲಿ ಇನ್ನೊಂದೇ ಒಂದು ಅಂಥ ಹುಬ್ಬು ಉಳಿದಿತ್ತು. ಅದೂ ಡೇಜನ್ ಪಾಲಾಗುವುದೇ?

ಆಗಲೇ ನನ್ನಲ್ಲಿ ಆ ದಿವ್ಯ ಸಂಕಲ್ಪ ಉದಯಿಸಿದ್ದು: ಭಾನುವಾರದೊಳಗೆ ಈ ಬಡ ರಾಮ್ಯನ್ನಿಗೆ ರಾಜಪದವಿ ಕೊಡಿಸಿ, ಅತ್ತೆಗೆ ಬಟ್ಟಲು ತುಂಬ ತಿನ್ನಿಸಿ, ಭಾಮೈದನನ್ನು ಬರಿಗೈಲಿ ವಾಪಸು ಕಳಿಸುವುದು!

ಮಾರುಕಟ್ಟೆಗೆ ಹೋಗಿ ಚಿಪ್ಪುಮೀನು, ಸಾರಿಗೆಂದು ಒಣಗಿಸಿದ ಪುಟ್ಟ ಮೀನು, ಮೂಲಂಗಿ, ಎಳೆ ಕುಂಬಳ, ಈರುಳ್ಳಿ ಹೂ, ಮೊಟ್ಟೆ ತಂದೆ. ಎಲ್ಲವನ್ನೂ ಒಟ್ಟಿಗೆ ದೊಡ್ಡ ಪಾತ್ರೆಗೆ ಹಾಕಿ, ಕುದಿಸಿ, ಮೇಲೆ ಎರಡು ಪೊಟ್ಟಣ ರಾಮ್ಯನ್ ಸುರಿದು, ಗಂಭೀರವಾಗಿ ತಂದಿಟ್ಟೆ.

ಅತ್ತೆ ಒಂದು ತುತ್ತು ತಿಂದರು. ಕರ್ ಎಂದು ಸದ್ದಾಯಿತು. ಕಟ್ಟಿಸಿದ ಹಲ್ಲಿನ ಸೆಟ್ಟು ತೆಗೆದು ಬೆಳಕಿಗೆ ಹಿಡಿದು ನೋಡಿದರು.

“ಸಮುದ್ರದ ರುಚಿ ಸರಿ ಅಳಿಯಪ್ಪಾ. ದಂಡೆ ಮೇಲಿನ ಮರಳನ್ನೂ ಯಾಕೆ ತಂದೆ?”

“ಚಿಪ್ಪುಮೀನು ತೊಳೆದಿದ್ದೆ ಅತ್ತೆ.”

“ಮೈ ತೊಳೆದ್ರೆ ಆಯ್ತಾ? ಹೊಟ್ಟೆ ಒಳಗಿನ ಮರಳು? ಉಪ್ಪುನೀರಲ್ಲಿ ನೆನೆಸಿ ಕತ್ತಲೆ ಮಾಡಿ ಮುಚ್ಚಿಡ್ಬೇಕು. ರಾತ್ರಿಯಾಯ್ತು ಅನ್ಕೊಂಡು ಬಾಯ್ಬಿಡ್ತವೆ. ಸಾರು ಯಾಕೆ ಹೀಗೆ ಕಹಿ? ಮೀನಿನ ಕರುಳು ತೆಗೆದ್ಯಾ?”

“ಅದಕ್ಕೂ ಕರುಳಿದೆಯಾ?”

“ಮೀನಿಗಿದೆ. ನಿನಗಿಲ್ಲ.”

ಮರುದಿನ ಅತ್ತೆ ನೆಲದ ಮೇಲೆ ಹಳೇ ಪೇಪರು ಹಾಸಿ ಕೂತರು. ಎದುರಿಗೆ ನನ್ನನ್ನೂ ಕೂರಿಸಿದರು. ಒಣಮೀನಿನ ತಲೆ ಮುರಿ, ಹೊಟ್ಟೆ ಸೀಳು, ಕಪ್ಪು ಕರುಳು ತೆಗೆ. ನನ್ನ ದಪ್ಪ ಬೆರಳುಗಳಲ್ಲಿ ಮೀನು ಪುಡಿಯಾಗುತ್ತಿತ್ತು. ಅವರದರಲ್ಲಿ ಬೀಗ ತೆಗೆದಂತೆ ತೆರೆದುಕೊಳ್ಳುತ್ತಿತ್ತು.

“ಚುನ್‌ಹ್ವಾ ಚಿಕ್ಕೋಳಿದ್ದಾಗ, ನಾನು ಎಸೆದ ತಲೆಗಳನ್ನೆಲ್ಲಾ ಆರಿಸಿಕೊಂಡು ತಿಂತಿದ್ಳು,” ಎಂದರು. “ಬೆಕ್ಕಿಗೂ ಅವಳಿಗೂ ದಿನಾ ಜಗಳ.”

“ಗೆಲ್ಲೋರು ಯಾರು?”

“ನಿನ್ನ ಮದುವೆಯಾದೋಳು ಸೋತಿರ್ತಾಳಾ? ಬೆಕ್ಕೇ ಮನೆ ಬಿಟ್ಟುಹೋಯ್ತು.”

ನಾನು ಜೋರಾಗಿ ನಕ್ಕೆ. ಚುನ್‌ಹ್ವಾಳನ್ನು ಕಳೆದುಕೊಂಡು ಆಸ್ಪತ್ರೆಯಿಂದ ಬಂದ ಮೇಲೆ ನಕ್ಕದ್ದು ಅದೇ ಮೊದಲು. ನಗು ನಡುವೆಯೇ ಎಲ್ಲೋ ಜಾರಿತು. ಅತ್ತೆ ಅತ್ತರು. ನಾನೂ ಅತ್ತೆ. ಮುರಿದ ಮೀನಿನ ತಲೆಗಳ ಗುಡ್ಡದ ಎರಡು ಬದಿಯಲ್ಲಿ ಕೂತು, ಮೂಗಿಗೆ ಅಂಟಿಕೊಂಡ ಮೀನುವಾಸನೆಯೊಂದಿಗೆ, ಒಬ್ಬರನ್ನೊಬ್ಬರು ನೋಡದೆ ಅತ್ತೆವು. ಕೊನೆಗೆ ಅವರೇ ಕಣ್ಣೊರಸಿಕೊಂಡು, “ಅಳ್ತಾ ಅಳ್ತಾ ಕರುಳನ್ನ ಸಾರಿನ ರಾಶಿಗೆ ಹಾಕ್ತಿದ್ದೀಯಲ್ಲೋ!” ಎಂದು ಗದರಿದರು.

ಅಂದಿನಿಂದ ಪಾಠ ಶುರು. ಪುಡಿ ಅರ್ಧ ಸಾಕು, ಉಳಿದದ್ದಕ್ಕೆ ಹುದುಗಿಸಿದ ಸೋಯಾಗೊಜ್ಜು ಕದಡು. ಶ್ಯಾವಿಗೆ ಬೇರೆ ಬೇಯಿಸಿ ಜಿಡ್ಡು ಬಸಿ. ಮೊಟ್ಟೆಯನ್ನು ಕಲಕಬೇಡ, ಎಳೆಯಾಗಿ ಇಳಿಸು. ಪ್ರತಿ ಸಲ ಅತ್ತೆ ಎರಡು ತುತ್ತು ತಿಂದು ಕಡ್ಡಿ ಕೆಳಗಿಡುತ್ತಿದ್ದರು. ಉಳಿದದ್ದನ್ನು, ಚೆಲ್ಲುವುದು ಹೇಗೆಂದು, ನಾನೇ ಮುಗಿಸುತ್ತಿದ್ದೆ. ಒಂದು ತೂತು ಒಳಗೆ ಸರಿದಿದ್ದ ನನ್ನ ಬೆಲ್ಟು ಮತ್ತೆ ಹಳೇ ತೂತಿಗೆ ಬಂತು. ಅದನ್ನು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ.

ಭಾನುವಾರ ಹಕ್‌ಸು ಬಂದ. ನಾನು ಬಡಿಸಿದೆ. ತಿಳಿಗೆಂಪು ಸಾರಿನಲ್ಲಿ ಬಾಯ್ಬಿಟ್ಟ ಚಿಪ್ಪುಗಳು, ಕುಂಬಳದ ಎಳೆ, ಮೊಟ್ಟೆಯ ಹಳದಿ ರಿಬ್ಬನ್ನು. ಅತ್ತೆ ಒಂದು ತುತ್ತು ತಿಂದರು. ಎರಡು. ಮೂರು! ಕಡ್ಡಿ ಕೆಳಗಿಳಿಯಲಿಲ್ಲ. ಉಳಿದ ಸಾರಿಗೆ ಅನ್ನ ಕಲಸಿಕೊಂಡು, ಬಟ್ಟಲನ್ನೇ ಎತ್ತಿ ಕುಡಿದು ಕೆಳಗಿಟ್ಟರು.

“ನೋಡಿದ್ಯಾ ಹಕ್‌ಸು?” ನಾನು ಎದೆಯುಬ್ಬಿಸಿದೆ. “ಇವರು ತಿನ್ನಲ್ಲ ಅಂದ್ಯಲ್ಲ? ಇನ್ನು ಕರ್ಕೊಂಡು ಹೋಗೋ ಮಾತೇ ಇಲ್ಲ.”

“ಹೌದಮ್ಮಾ, ಗಟ್ಟಿಯಾಗೇ ಇದ್ದೀಯಲ್ಲ,” ಎಂದ ಅವನು.

ಅತ್ತೆ ಬಾಯೊರಸಿಕೊಂಡರು. “ಒಳಗೆ ನನ್ನ ಗಂಟು ಕಟ್ಟಿಟ್ಟಿದ್ದೀನಿ. ಕಾರಿಗೆ ಹಾಕು.”

“ಅತ್ತೆ! ಈಗ ತಿಂತಿದ್ದೀರಲ್ಲ!”

“ನಾನು ಯಾವಾಗ ತಿಂತಿರ್ಲಿಲ್ಲ? ಪಕ್ಕದ್ಮನೆ ಪಿಲ್‌ಸುನ್ ದಿನಾ ಮಧ್ಯಾಹ್ನ ಗಂಜಿ ಕೊಡ್ತಿದ್ಳು. ತಿನ್ನದೆ ಒಣಗ್ತಿದ್ದೋನು ನೀನು. ಮೊದಲ ದಿನವೇ ನಿನ್ನ ಅಡುಗೆ ಒಪ್ಪಿಬಿಟ್ಟಿದ್ರೆ ಮತ್ತೆ ಒಲೆ ಹತ್ರ ಎದ್ದು ಹೋಗ್ತಿದ್ಯಾ?” ಅವರ ದನಿ ಸ್ವಲ್ಪ ಇಳಿಯಿತು. “ಮಗಳನ್ನ ಕಳಿಸಿಕೊಟ್ಟಾಯ್ತು. ನಿನ್ನನ್ನೂ ಕಳಿಸೋ ಶಕ್ತಿ ನನಗಿರ್ಲಿಲ್ಲಪ್ಪ. ಈಗ ನಿನಗೆ ಕೈ ಕೂತಿದೆ. ನನ್ನ ಮಂಡಿಗೆ ಈ ಗುಡ್ಡದ ಮೆಟ್ಟಿಲು ಆಗಲ್ಲ. ಅವನ ಮನೇಲಿ ಲಿಫ್ಟಿದೆ.”

“ಇವತ್ತಿನ ಸಾರಲ್ಲಿ ಉಪ್ಪೇ ಇರ್ಲಿಲ್ಲ ಅತ್ತೆ! ಮರಳಿತ್ತು! ನಾನೇ ಕಂಡೆ!”

“ಮರಳಿರ್ಲಿಲ್ಲ.”

“ಕಿಮ್ಚಿ ಉಪ್ಪಿನಕಾಯಿ ಹಾಕೋಕೆ ನನಗೆ ಬರಲ್ಲ!”

“ಜಾಡಿ ತುಂಬ ಹಾಕಿಟ್ಟಿದ್ದೀನಿ. ಮುಗಿದಾಗ ಹೇಳು.”

ಹೀಗೆ, ಲೋಕದಲ್ಲಿ ಅಡುಗೆ ಕೆಟ್ಟದ್ದಕ್ಕೆ ಮನೆ ಬಿಟ್ಟುಹೋದವರು ಎಷ್ಟೋ ಮಂದಿ. ಚೆನ್ನಾಗಾಯಿತೆಂದು ಬಿಟ್ಟುಹೋದವರು ನಮ್ಮ ಅತ್ತೆಯೊಬ್ಬರೇ. ಕಾರು ಇಳಿಜಾರಿನ ತಿರುವಿನಲ್ಲಿ ಮರೆಯಾಗುವವರೆಗೂ ಕೈಯಲ್ಲಿ ಸೌಟು ಹಿಡಿದುಕೊಂಡೇ ನಿಂತಿದ್ದೆ.

ಮರುದಿನ ಮಧ್ಯಾಹ್ನ ಒಂದು ಉಪಾಯ ಹೊಳೆಯಿತು. ಪಾಠದಂತೆಯೇ ಮಾಡಿದ ರಾಮ್ಯನ್ ಬಟ್ಟಲನ್ನು ಮುಂದಿಟ್ಟುಕೊಂಡು ಡೇಜನ್‌ಗೆ ಫೋನ್ ಹಚ್ಚಿ, ದನಿಯನ್ನು ಆದಷ್ಟು ಬಡಕಲು ಮಾಡಿಕೊಂಡೆ.

“ಅತ್ತೆ, ಎಲ್ಲಾ ಮರೆತುಹೋಯ್ತು. ಬರೀ ನೀರು, ಪುಡಿ. ಬೂಟಿನ ದಾರ. ಗಂಟಲಲ್ಲಿ ಇಳಿಯಲ್ಲ. ನೀವು ಬಂದು ಇನ್ನೊಂದು ಸಲ...”

ಉತ್ತರಕ್ಕೆ ಕಾಯುತ್ತಾ ಅಭ್ಯಾಸಬಲದಿಂದ ನನ್ನ ಕೈ ಕಡ್ಡಿ ಎತ್ತಿಬಿಟ್ಟಿತು.

“ಅಳಿಯಪ್ಪಾ,” ಎಂದರು ಅತ್ತೆ. ಮೂಗು ಕಟ್ಟಿದ ದನಿ. “ಬೂಟಿನ ದಾರನ ಯಾರೂ ಅಷ್ಟು ಜೋರಾಗಿ ಸೊರ್ ಅಂತ ಎಳ್ಕೊಂಡು ತಿನ್ನಲ್ಲ. ಆರಿಹೋಗತ್ತೆ, ಫೋನಿಟ್ಟು ತಿನ್ನು.”