ಹುಟ್ಟಿದ ದಿನದ ಹುರಿದ ಮೀನು

ಬೋರಣ್ಣನ ಕಷ್ಟಕ್ಕೆಲ್ಲ ಮೂಲ ಒಂದು ಇಡ್ಲಿ ಪಾತ್ರೆ.

ಬಸವನಗುಡಿಯ ಡಾಕ್ಟರು ಅವನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿ, ಬಿ.ಪಿ. ಏರಿದೆ, ಕರಿದದ್ದು ಹುರಿದದ್ದು ಬಿಡಬೇಕು, ದಿನಾ ನಡೆಯಬೇಕು ಎಂದಿದ್ದರು. ಇದನ್ನು ಹೆಂಡತಿ ಲಕ್ಷ್ಮಿದೇವಮ್ಮ ಕಾಂಪೌಂಡ್ ಗೋಡೆಯ ಮೇಲಿಂದ ಪಕ್ಕದ ಮನೆಯ ಚೂಡಾಮಣಿಯವರಿಗೆ ಹೇಳಿದಳು. ಚೂಡಾಮಣಿಯವರು ತಮ್ಮ ಯಜಮಾನರಾದ ಅನಂತರಾಮು ಅವರಿಗೆ ಹೇಳಿದರು. ಅಂಚೆ ಕಚೇರಿಯ ಅನಂತರಾಮು ಜನ್ಮದಲ್ಲಿ ಮೀನು ಮುಟ್ಟಿದವರಲ್ಲ. ಆದರೆ ಯಾವುದೋ ಇಂಗ್ಲಿಷ್ ಆರೋಗ್ಯ ಪತ್ರಿಕೆಯಲ್ಲಿ, ಮೀನನ್ನು ಎಲೆಯಲ್ಲಿ ಸುತ್ತಿ ಆವಿಯಲ್ಲಿ ಬೇಯಿಸಿದರೆ ಹೃದಯಕ್ಕೆ ಒಳ್ಳೆಯದೆಂದು ಓದಿದ್ದರು. ಅದನ್ನು ದುಂಡಗಿನ ಅಕ್ಷರದಲ್ಲಿ ಕಾರ್ಡಿನ ಮೇಲೆ ಬರೆದು ಗೋಡೆ ದಾಟಿಸಿಯೇಬಿಟ್ಟರು. ಅಂದಿನಿಂದ ಬೋರಣ್ಣನ ಭಾನುವಾರದ ಮೀನು ಇಡ್ಲಿ ಪಾತ್ರೆಯೊಳಗೆ ಹೋಗಿ, ವಿಷಮಜ್ವರದಿಂದ ಎದ್ದವರ ಹಾಗೆ ಬೆಳ್ಳಗೆ ಹೊರಗೆ ಬರತೊಡಗಿತು.

ಬೋರಣ್ಣನ ನಾಲಗೆಯಲ್ಲಿ ಬೇರೆಯೇ ಒಂದು ಮೀನು ಇತ್ತು. ಯಡಿಯೂರಿನ ಹೊಲದ ಬದುವಿನ ಮೇಲೆ ಅವನ ಅವ್ವ ಮೂರು ಕಲ್ಲು ಹೂಡಿ, ಹೊಲದಲ್ಲೇ ಬೆಳೆದ ಹುಚ್ಚೆಳ್ಳಿನ ಎಣ್ಣೆಯಲ್ಲಿ ಹುರಿದುಕೊಡುತ್ತಿದ್ದ ಮೀನು. ಅವ್ವ ಹೋಗಿ ಬಹಳ ಕಾಲವಾಗಿತ್ತು. ಹೊಲವೂ ಜಯನಗರ ಬಡಾವಣೆಗೆ ಹೋಗಿ, ಹುಚ್ಚೆಳ್ಳು ಹಳದಿಯಾಗಿ ಹೂಬಿಡುತ್ತಿದ್ದ ಕಡೆ ಈಗ ಸೈಟಿನ ನಂಬರು ಬರೆದ ಕಲ್ಲುಗಳು ನಿಂತಿದ್ದವು. ತನ್ನ ಪಾಲಿಗೆ ಬಂದ ಸೈಟಿನಲ್ಲಿ ಹೆಂಚಿನ ಮನೆ ಕಟ್ಟಿಕೊಂಡ ಬೋರಣ್ಣ ಒಮ್ಮೊಮ್ಮೆ ಸಂಜೆ ಹಿತ್ತಿಲಲ್ಲಿ ನಿಂತು, ಆ ಮೂರು ಕಲ್ಲು ಸುಮಾರು ಎಲ್ಲಿದ್ದಿರಬಹುದೆಂದು ಲೆಕ್ಕ ಹಾಕುತ್ತಿದ್ದ. ಬಚ್ಚಲಿನ ಹತ್ತಿರ ಎಂದು ಅವನ ಅಂದಾಜು.

ಆ ರುಚಿ ಇನ್ನೊಂದು ಸಲ ಬೇಕು ಎಂದು ಮೂರು ತಿಂಗಳು ಕಾಡಿದ. ಕೊನೆಗೆ ಲಕ್ಷ್ಮಿದೇವಮ್ಮ ದೇವರ ಗೂಡಿನ ಮುಂದೆ ನಿಂತು ಮಾತು ಕೊಟ್ಟಳು.

“ವರ್ಷಕ್ಕೆ ಒಂದೇ ದಿನ, ನೀವು ಹುಟ್ಟಿದ ದಿನ, ಎಣ್ಣೇಲಿ ಹುರಿದು ಹಾಕ್ತೀನಿ. ಅದೂ ಮಾರ್ಕೆಟ್ ಮೀನಲ್ಲ. ನೀವೇ ಕೆರೇಗೆ ನಡ್ಕೊಂಡು ಹೋಗಿ ಗಾಳ ಹಾಕಿ ತರಬೇಕು. ಡಾಕ್ಟರು ಹೇಳಿದ ನಡಿಗೇನೂ ಆಯ್ತು. ಮಿಕ್ಕ ದಿನ ಇಡ್ಲಿ ಪಾತ್ರೇನೇ.”

ಹುಟ್ಟಿದ ದಿನದ ಬಗ್ಗೆ ಬೋರಣ್ಣನಿಗೆ ಅನುಮಾನವಿರಲಿಲ್ಲ. ಅವನು ಬಟ್ಟೆ ಗಿರಣಿಯೊಂದರಲ್ಲಿ ಟೈಮ್‌ಕೀಪರ್. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಬರೆಯುವುದೇ ಕೆಲಸ. ಸ್ಕೂಲ್ ಸರ್ಟಿಫಿಕೇಟಿನಲ್ಲಿ ಅವನದು ಜುಲೈ ಒಂದು ಎಂದಿತ್ತು. ಗಿರಣಿಯ ರಿಜಿಸ್ಟರಿನಲ್ಲಿ ಇನ್ನೂ ಹದಿನೆಂಟು ಜನ ಜುಲೈ ಒಂದರಂದೇ ಹುಟ್ಟಿದ್ದರು. ಒಳ್ಳೇ ನಕ್ಷತ್ರವಿರಬೇಕು ಎಂದುಕೊಂಡಿದ್ದ. ಆ ವರ್ಷ ಅವನಿಗೆ ಐವತ್ತು ತುಂಬುವ ಜುಲೈ ಒಂದು ಭಾನುವಾರವೇ ಬಂದದ್ದು ನೋಡಿ, ದೇವರಿಗೂ ಹುರಿದ ಮೀನಿನ ಮೇಲೆ ಪ್ರೀತಿ ಇದೆ ಎನ್ನಿಸಿತು.

ಬೆಳಿಗ್ಗೆ ಬಿದಿರಿನ ಗಾಳ ಹೆಗಲ ಮೇಲಿಟ್ಟು ಗೇಟು ತೆಗೆದರೆ, ಅಲ್ಲಿ ಅನಂತರಾಮು ಕೊಡೆ ಹಿಡಿದು ಕಾಯುತ್ತಿದ್ದರು. ಮೀನಿನ ಗಾತ್ರ ಕಣ್ಣಾರೆ ನೋಡಿದರೆ ಎಷ್ಟು ನಿಮಿಷ ಆವಿ ಕೊಡಬೇಕೆಂದು ಹೇಳಬಹುದು ಎಂದರು. ಇವತ್ತು ಆವಿಯಿಲ್ಲ ಸ್ವಾಮಿ, ಎಣ್ಣೆ ಎಂದು ಬೋರಣ್ಣ ತಿಳಿಸಿದ. ಅನಂತರಾಮು ಸಾವಿನ ಮನೆಗೆ ಬಂದವರ ಹಾಗೆ ತಲೆ ಆಡಿಸಿ, ಆದರೂ ಜೊತೆಗೇ ಹೊರಟರು.

ದಾರಿಯಲ್ಲಿ ಯಡಿಯೂರಿನ ಹಳೇ ಬೀದಿಯಲ್ಲಿ ಬೈರಮ್ಮನ ಮನೆ. ಬೋರಣ್ಣನ ಸೋದರತ್ತೆ, ಎಂಬತ್ತರ ಮುದುಕಿ, ಬಾಯಲ್ಲಿ ಒಂದು ಹಲ್ಲೂ ಇಲ್ಲ. ಅವಳ ಹತ್ತಿರ ಮಾತ್ರ ಇನ್ನೂ ಗಾಣದ ಹುಚ್ಚೆಳ್ಳೆಣ್ಣೆ ಸಿಗುತ್ತಿತ್ತು. ಮಧ್ಯಾಹ್ನ ಊಟಕ್ಕೆ ಬಾ ಅತ್ತೆ, ಬರುವಾಗ ಒಂದು ಸೀಸೆ ಎಣ್ಣೆ ತಾ ಎಂದು ಬೋರಣ್ಣ ಕೇಳಿಕೊಂಡ. ಐವತ್ತು ವರ್ಷದ ಗಂಡಸು ಹುಟ್ಟಿದ ದಿನ ಮಾಡಿಕೊಳ್ಳುತ್ತಿದ್ದಾನೆಂದು ಹೇಳಲು ನಾಚಿಕೆಯಾಗಿ, ಕಾರಣ ಹೇಳಲಿಲ್ಲ.

ಸಾರಕ್ಕಿ ಕೆರೆಯ ಏರಿಯ ಮೇಲೆ ಎರಡು ಗಂಟೆ ಕೂತರೂ ಗಾಳದ ಬೆಂಡು ಅಲುಗಲಿಲ್ಲ. ಅಲುಗುವುದು ಹೇಗೆ? ಅನಂತರಾಮು ಕೊಬ್ಬಿನ ವಿಚಾರ, ರಕ್ತನಾಳದ ವಿಚಾರ, ಅಂಚೆ ಇಲಾಖೆಯ ಬಡ್ತಿಯ ವಿಚಾರ ಎಲ್ಲವನ್ನೂ ಕೆರೆಯ ಆಚೆ ದಡಕ್ಕೆ ಕೇಳುವ ಹಾಗೆ ಹೇಳುತ್ತಿದ್ದರು. ಮಾತು ಬಿಸಿಯೇರಿದಾಗ ಅವರಿಗೆ ನಶ್ಯ ಬೇಕು. ಏರಿಯ ಮೇಲೆ ಎರಡು ನಶ್ಯದ ಡಬ್ಬಿಗಳಿದ್ದವು. ಒಂದು ಅವರದು. ಇನ್ನೊಂದು, ಹೋದ ತಿಂಗಳು ಖಾಲಿಯಾಯಿತೆಂದು ಅವರೇ ಗೋಡೆಯಾಚೆ ಕೊಟ್ಟಿದ್ದು. ಅದರಲ್ಲಿ ಬೋರಣ್ಣ ಎರೆಹುಳು ತುಂಬಿಕೊಂಡು ಬಂದಿದ್ದ.

ಅನಂತರಾಮು ನೋಡದೆ ಒಂದು ಡಬ್ಬಿಗೆ ಕೈ ಹಾಕಿ, ಎರಡು ಬೆರಳಲ್ಲಿ ಹಿಡಿದು ಮೂಗಿನ ತನಕ ತಂದರು. ಹಿಡಿದದ್ದು ಬೆರಳು ಸುತ್ತಿಕೊಂಡಿತು. ಅವರು ಎದ್ದ ರಭಸಕ್ಕೆ ಕೊಡೆ ಕೈಬಿಟ್ಟು ಗಾಳಿಗೆ ಹಾರಿ, ಕೆರೆಯಲ್ಲಿ ಅಂಗಾತ ಬಿದ್ದು ದೋಣಿಯ ಹಾಗೆ ಹೊರಟಿತು.

ಅದು ಮಾವನವರು ಕೊಟ್ಟ ಕೊಡೆ. ಅದಿಲ್ಲದೆ ಮನೆಗೆ ಹೋಗುವಂತಿಲ್ಲ ಎಂದು ಅನಂತರಾಮು ಗೋಗರೆದರು. ಬೋರಣ್ಣ ಪಂಚೆ ಎತ್ತಿ ಕಟ್ಟಿ ನೀರಿಗಿಳಿದ, ಕೆಸರಿನಲ್ಲಿ ಜಾರಿ ಸೊಂಟದ ತನಕ ಮುಳುಗಿದ, ಕೊನೆಗೆ ಗಾಳ ಬೀಸಿ ಕೊಡೆಯ ಹಿಡಿಗೆ ಸಿಕ್ಕಿಸಿದ. ಎಳೆದರೆ ಕೊಡೆ ನೀರು ತುಂಬಿಕೊಂಡು ವಾಲಿ, ಜೊಂಡಿನೊಳಗೆಲ್ಲ ನುಗ್ಗಿ, ಹೆಣಭಾರವಾಗಿ ದಡಕ್ಕೆ ಬಂತು. ಒಳಗೆ ಮೊಳದುದ್ದದ ಗೆಂಡೆ ಮೀನೊಂದು ಪಟಪಟ ಬಡಿದುಕೊಳ್ಳುತ್ತಿತ್ತು.

ಅನಂತರಾಮು ಏರಿಯ ಆಚೆ ಈಚೆ ಕಣ್ಣಾಡಿಸಿದರು.

“ಬೋರಣ್ಣನವರೇ,” ಅಂದರು ಅನಂತರಾಮು, ಧ್ವನಿ ತಗ್ಗಿಸಿ. “ಮೀನು ನಮ್ಮ ಕೊಡೇಲಿ ಸಿಕ್ತು ಅಂತ ಚೂಡಾಮಣಿಗೆ ಗೊತ್ತಾದ್ರೆ, ಈ ಕೊಡೆ ಮನೆ ಒಳಗೆ ಬರೋಲ್ಲ. ನಾನೂ ಬರೋಲ್ಲ.”

“ನನಗೂ ಗಾಳದ್ದೇ ಆಗ್ಬೇಕು ಸ್ವಾಮಿ. ಗಾಳಕ್ಕೆ ಕೊಡೆ ಸಿಕ್ತು, ಕೊಡೆಗೆ ಮೀನು ಸಿಕ್ತು. ಸುಳ್ಳೇನಿದೆ ಇದರಲ್ಲಿ?”

ಮನೆಯಲ್ಲಿ ಲಕ್ಷ್ಮಿದೇವಮ್ಮ ಮೀನಿನ ಬಾಯಿ ಬಿಡಿಸಿ, ಡಾಕ್ಟರಿಗಿಂತ ಹೆಚ್ಚು ಹೊತ್ತು ಒಳಗೆ ನೋಡಿದಳು. ಕೊಕ್ಕೆ ಚುಚ್ಚಿದ ಗಾಯವೇ ಇಲ್ಲವಲ್ಲ, ಮಾರ್ಕೆಟ್ಟಿಂದ ತಂದಿರಾ ಎಂದು ಕೇಳಿದಳು. ಬೋರಣ್ಣ ತನ್ನ ಒದ್ದೆ ಪಂಚೆ ತೋರಿಸಿದ, ಆಮೇಲೆ ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಅನಂತರಾಮು ಕೊಡೆ ಒಣಗಹಾಕುತ್ತಿದ್ದರು, ಪಕ್ಕದಲ್ಲಿ ಚೂಡಾಮಣಿಯವರು ಏನದು ವಾಸನೆ ಎಂದು ಮೂಗು ಅರಳಿಸುತ್ತಿದ್ದರು. “ಗಾಳ ಎಳೆದದ್ದು ನಾನು ನೋಡಿದೀನಿ ತಾಯಿ,” ಎಂದು ಅನಂತರಾಮು ಆಕಾಶ ನೋಡುತ್ತ ಸಾಕ್ಷಿ ಹೇಳಿದರು.

ಲಕ್ಷ್ಮಿದೇವಮ್ಮ ಸೋತಳು. ಮೀನು ತುಂಡಾಯಿತು, ಖಾರ ಮೆತ್ತಿಕೊಂಡಿತು. ಅಷ್ಟರಲ್ಲಿ ಬೈರಮ್ಮ ಕೋಲೂರಿಕೊಂಡು ಬಂದು ಸೀಸೆ ಕೊಟ್ಟಳು. ಬಾಣಲೆ ಒಲೆ ಏರಿತು. ಹುಚ್ಚೆಳ್ಳೆಣ್ಣೆ ಕಾಯುವ ವಾಸನೆ ಎದ್ದಾಗ ಬೋರಣ್ಣನಿಗೆ, ಆ ಮೂರು ಕಲ್ಲು ಬಚ್ಚಲ ಹತ್ತಿರವಲ್ಲ, ಇಲ್ಲೇ ಅಡುಗೆಮನೆಯ ಕೆಳಗೇ ಇವೆ ಎನ್ನಿಸಿತು.

“ಏನೇ ಲಕ್ಷ್ಮೀ, ಡಾಕ್ಟ್ರು ಎಣ್ಣೆ ಬಿಡು ಅಂದವ್ರೆ ಅಂತಿದ್ದೆ. ಇವತ್ತೇನು ಇಸೇಸ?” ಎಂದು ಬೈರಮ್ಮ ಎಲೆಅಡಿಕೆ ಕುಟ್ಟುತ್ತ ಕೇಳಿದಳು.

“ಇವರು ಹುಟ್ಟಿದ ದಿನ ಕಣತ್ತೆ. ಐವತ್ತು ತುಂಬ್ತು.”

ಬೈರಮ್ಮನ ಕುಟ್ಟಾಣಿ ನಿಂತಿತು. “ಮಳೆಗಾಲದಾಗಾ? ಯಾರಂದೋರು? ಇವನು ಹುಟ್ಟಿದ್ದು ಸಿವರಾತ್ರಿ ದಿನ ಕಣೇ. ಮನೆಮಂದಿಯೆಲ್ಲಾ ಉಪಾಸ. ನೀರು ಕಾಯಿಸ್ದೋಳು ನಾನೇ. ಹೊಟ್ಟೆಗಿಲ್ದೇನೇ ಹುಟ್ಟವ್ನೆ, ಅದಕ್ಕೇ ಈವತ್ತಿಗೂ ತಿನ್ನೋ ಚಪಲ.”

“ಸ್ಕೂಲ್ ಸರ್ಟಿಫಿಕೇಟಲ್ಲಿ ಜುಲೈ ಒಂದು ಅಂತ ಐತಲ್ಲತ್ತೆ,” ಎಂದ ಬೋರಣ್ಣ. ದನಿ ಅವನಿಗೇ ಕೇಳಿಸಲಿಲ್ಲ.

“ಅದು ಮೇಷ್ಟ್ರು ಹುಟ್ಟಿಸಿದ ದಿನ ಕಣ್ಲಾ ಬೋರ. ತಾರೀಕು ಯಾವ್ದು ಅಂದ್ರು, ನಿಮ್ಮಪ್ಪ ತಲೆ ಕೆರ್ಕೊಂಡ. ಅವತ್ತು ಸೇರಿದ ಹೈಕಳಿಗೆಲ್ಲಾ ಒಂದೇ ತಾರೀಕು ಬರ್ಕೊಂಡ್ರು.”

ಬೋರಣ್ಣನ ಕಣ್ಣ ಮುಂದೆ ಗಿರಣಿಯ ಆ ಹದಿನೆಂಟು ಜನ ಸಾಲಾಗಿ ಬಂದು ನಿಂತರು. ಅಷ್ಟರಲ್ಲಿ ಬಾಣಲೆ ಒಲೆಯಿಂದ ಇಳಿದಿತ್ತು. ಸರ್ಟಿಫಿಕೇಟು ಸರ್ಕಾರದ್ದು, ಸೀಲು ಬಿದ್ದಿದೆ ಎಂದು ಅವನು ವಾದಿಸಿ ನೋಡಿದ. ದೇವರ ಮುಂದೆ ಆಡಿದ್ದು ಹುಟ್ಟಿದ ದಿನದ ಮಾತು, ಸೀಲಿನ ಮಾತಲ್ಲ ಎಂದಳು ಲಕ್ಷ್ಮಿದೇವಮ್ಮ. ಗೋಡೆಯಾಚೆಯಿಂದ ಅನಂತರಾಮು, ಆ ಗಾತ್ರಕ್ಕೆ ಹದಿನೆಂಟು ನಿಮಿಷ ಆವಿ ಸಾಕು ಎಂದು ಕೂಗಿ ಹೇಳಿದರು.

ಇಡ್ಲಿ ಪಾತ್ರೆಯಿಂದ ಬಂದ ಮೀನನ್ನು ಬೈರಮ್ಮ ಮೂರು ಸಲ ಹಾಕಿಸಿಕೊಂಡಳು. ಬೊಚ್ಚುಬಾಯಿಗೆ ಬೆಣ್ಣೆಯಂತಿದೆ, ಇನ್ನು ಭಾನುವಾರ ಭಾನುವಾರ ಬರುತ್ತೇನೆ ಎಂದಳು.

ಬೋರಣ್ಣ ತನ್ನ ಬಿಳಿ ತುಂಡನ್ನು ನೋಡುತ್ತ ತಿಂಗಳು ಎಣಿಸಿದ. ಏಳೋ ಎಂಟೋ. ಐವತ್ತು ವರ್ಷ ತಪ್ಪು ತಾರೀಕಿನಲ್ಲಿ ಬದುಕಿದವನಿಗೆ ಅದೇನು ದೊಡ್ಡದಲ್ಲ.

“ಆಗ್ಲಿ ಬಿಡು,” ಅಂದ. “ನಿನ್ನ ಮಾತು ಮಾತೇ ತಾನೆ? ಶಿವರಾತ್ರಿಗೆ ಇನ್ನೊಂದು ಮೀನು ಹಿಡಕೊಂಡು...”

ಅಲ್ಲಿಗೆ ಅವನ ಬಾಯಿ ತಾನಾಗಿ ನಿಂತಿತು.

ಲಕ್ಷ್ಮಿದೇವಮ್ಮ ಸೀಸೆಯಲ್ಲಿ ಮಿಕ್ಕ ಎಣ್ಣೆಗೆ ಬಿರಡೆ ಒತ್ತಿ, ಅದನ್ನು ದೇವರ ಗೂಡಿನ ಪಕ್ಕದಲ್ಲಿ ಜೋಪಾನವಾಗಿ ಇಟ್ಟಳು. “ಇದು ನೀವು ಹುಟ್ಟಿದ ದಿನಕ್ಕೇ ಇರ್ಲಿ,” ಎಂದಳು. “ಶಿವನ ಮುಂದೆ ದೀಪ ಹಚ್ಚೋಕಾಗುತ್ತೆ.”